ಪಂಚಾಂಗದಲ್ಲಿಲ್ಲದ ಏಕಾದಶಿ

ಇದನ್ನು ಬರೆಯಬೇಕೆಂದುಕೊಂಡು ತುಂಬ ದಿನಗಳಾದವು. ಮೊದಲು ಕಣ್ಣಿನ ಪೊರೆ ತೆಗೆಸಿಯಾಗಲಿ ಎಂದೆ. ತೆಗೆಸಿದ್ದಾಯಿತು. ಆಮೇಲೆ ಪಿತೃಪಕ್ಷ ಕಳೆಯಲಿ ಎಂದೆ. ಅದೂ ಕಳೆಯಿತು. ಮಗಳು ಹೊಸ ನೋಟುಬುಕ್ಕು ತಂದುಕೊಟ್ಟಳು. ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’ ಎಂದು ಬರೆದು ಮುಚ್ಚಿಟ್ಟೆ. ಮುಂಬಯಿ ಪಕ್ಕದ ಠಾಣೆ ಊರಿನ ಮಾಜಿವಾಡಾ ನಾಕಾದ ನಮ್ಮವರ ಹೋಟೆಲಿನ ಕೌಂಟರಿನಲ್ಲಿ ಮೂವತ್ತೆಂಟು ವರ್ಷ ಕುಳಿತವನು ನಾನು. ಎದುರಿಗೆ ನಿಂತವರ ಕಣ್ಣು ತಪ್ಪಿಸಿ, ಬೇರೇನೋ ಕೆಲಸವಿರುವಂತೆ ಡ್ರಾಯರ್ ಎಳೆಯುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ಇವತ್ತು ಬರೆಯಲು ಕೂರಿಸಿದ್ದು ಒಂದು ಶಬ್ದ. ಊಟ ಮುಗಿಸಿ ಪೇಪರ್ ಹಿಡಿದಿದ್ದೆ. ಹಾಲ್‌ನ ಮೂಲೆಯಲ್ಲಿ ಕರಕರ ಎಂದು ಕೇಳಿಸಿತು. ನೋಡಿದರೆ ನಮ್ಮ ಚಿಕ್ಕು, ಸ್ಟೀಲಿನ ಬೋಗುಣಿಯಲ್ಲಿ ನೀರು ಮುಗಿದದ್ದು ಗೊತ್ತಾಗದೆ ಖಾಲಿ ತಳವನ್ನು ನೆಕ್ಕುತ್ತಿದ್ದಳು. ನಾಯಿಯ ಒಣ ನಾಲಿಗೆ ಒಣ ಸ್ಟೀಲಿಗೆ ಉಜ್ಜುವ ಶಬ್ದವನ್ನು ನೀವು ಕೇಳಿದ್ದೀರೋ ಇಲ್ಲವೋ, ನನಗಂತೂ ಅದನ್ನು ಕೇಳಿ ಕುಳಿತಿರಲಾಗದು. ಚಪ್ಪಲಿ ಹುಡುಕದೆ ಬರಿಗಾಲಲ್ಲಿ ಓಡಿ ತಂಬಿಗೆ ತುಂಬಿ ತಂದು ಸುರಿದೆ. ಅರ್ಧ ನೆಲಕ್ಕೆ ಹೋಯಿತು. ಆ ಮೂಲೆಯ ಮೇಲಿನ ಮೊಳೆಯಲ್ಲಿ ಉಡುಪಿಯಿಂದ ಬರುವ ಪಂಚಾಂಗ ನೇತಾಡುತ್ತಿರುತ್ತದೆ. ಕೆಳಗೆ ನೀರಿನ ಬೋಗುಣಿ, ಮೇಲೆ ಪಂಚಾಂಗ. ಎರಡನ್ನೂ ಒಟ್ಟಿಗೆ ನೋಡಿದ ಮೇಲೆ ಇನ್ನು ಮುಂದೂಡುವುದು ಬೇಡವೆನ್ನಿಸಿತು.

ಚಿಕ್ಕುವಿನ ವಿಷಯ ಮೊದಲು ಹೇಳುತ್ತೇನೆ, ಅದು ಸುಲಭ. ಡೊಂಬಿವಲಿಯ ಈ ಫ್ಲ್ಯಾಟಿಗೆ ಅವಳನ್ನು ತಂದದ್ದು ಮೊಮ್ಮಗಳು ಈಶಾ, ಐದನೆಯ ಕ್ಲಾಸಿನಲ್ಲಿದ್ದಾಗ, ತನ್ನ ಶಾಲೆಯ ಚೀಲದಲ್ಲಿ. ಮೈಬಣ್ಣ ಚಿಕ್ಕು ಹಣ್ಣಿನ ಸಿಪ್ಪೆಯದು, ಹೆಸರಿಗೆ ಬೇರೆ ಯೋಚನೆ ಬೇಕಾಗಲಿಲ್ಲ. ಮಡಿ, ಮೈಲಿಗೆ ಎಂದು ನಾನು ಎಂಟು ದಿನ ಹಾರಾಡಿದೆ. ಒಂಬತ್ತನೆಯ ದಿನ ಅವಳಿಗೆ ಇಡ್ಲಿ ಚೂರು ಮಾಡಿ ಹಾಕುವಾಗ ಸಿಕ್ಕಿಬಿದ್ದೆ. ಈಗ ಅವಳಿಗೆ ಹನ್ನೊಂದು ವರ್ಷ. ಈಶಾ ನವಿ ಮುಂಬಯಿಯ ಕಾಲೇಜಿಗೆ, ಮಗಳು ಸುಮನಾ ಠಾಣೆಯ ಬ್ಯಾಂಕಿಗೆ, ಅಳಿಯ ಸೀವುಡ್ಸ್‌ನ ಆಫೀಸಿಗೆ ಲೋಕಲ್ ರೈಲು ಹಿಡಿದು ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾವಿಬ್ಬರೇ.

ಹೋದ ವರ್ಷ ಬೇಸಗೆಯಲ್ಲಿ ಶುರುವಾಯಿತು. ಮಧ್ಯಾಹ್ನ ಮಲಗಿ ಎದ್ದರೆ ಅವಳ ಹಾಸಿಗೆ ಒದ್ದೆ. ಎಚ್ಚರವಿದ್ದಾಗ ಏನೂ ಇಲ್ಲ, ಕೆಳಗೆ ಕರೆದುಕೊಂಡು ಹೋದರೆ ಎಲ್ಲವೂ ಸರಿ. ನಿದ್ದೆಯಲ್ಲಿ ಮಾತ್ರ ಸೋರಿಹೋಗುತ್ತಿತ್ತು. ಎದ್ದು, ಒದ್ದೆ ಜಾಗವನ್ನು ಮೂಸಿ, ಕಿವಿ ಮಡಚಿ, ಹಾಸಿಗೆ ಬಿಟ್ಟು ದೂರ ಹೋಗಿ ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಹಾಗೆ ನಿಲ್ಲುವುದನ್ನು ನಾನು ಮೊದಲೂ ನೋಡಿದ್ದೆ. ಎಲ್ಲಿ ಎಂದು ಆಗ ನನಗೆ ನಾನೇ ಹೇಳಿಕೊಳ್ಳಲಿಲ್ಲ.

ಕಲ್ಯಾಣದಲ್ಲಿ ಒಬ್ಬರು ಮರಾಠಿ ಡಾಕ್ಟರಮ್ಮ, ನಾಯಿ ಬೆಕ್ಕುಗಳಿಗೆ ಔಷಧ ಕೊಡುವವರು. ಮೂತ್ರ ಪರೀಕ್ಷೆ ಆಗಬೇಕು, ಬೆಳಗಿನದ್ದೇ ಹಿಡಿದು ತನ್ನಿ ಎಂದರು. ಹಿಡಿಯುವುದು ಹೇಗೆ ಸ್ವಾಮಿ? ಹಳೆಯ ಉದ್ದ ಹಿಡಿಯ ಸೌಟನ್ನು ಬಿಸಿನೀರಲ್ಲಿ ತೊಳೆದು ಕೊಟ್ಟು ಮಗಳು, “ಅಪ್ಪ, ಅವಳು ಕೂತ ಕೂಡ್ಲೆ ಹಿಂದಿನಿಂದ ಹಿಡೀರಿ” ಎಂದಳು. ಎಪ್ಪತ್ತೈದು ದಾಟಿದ ನಾನು, ಹೋಟೆಲಿನಲ್ಲಿ ಎಂದೂ ಸೌಟು ಮುಟ್ಟದೆ ಕೌಂಟರಿನಲ್ಲೇ ಕುಳಿತ ಗತ್ತಿನವನು, ನಮ್ಮ ಬಿಲ್ಡಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ ನಾಯಿಯ ಹಿಂದೆ ಬಗ್ಗಿ ಬಗ್ಗಿ ಸುತ್ತಿದೆ. ನಾನು ಬಗ್ಗಿದರೆ ಅವಳು ಎದ್ದು ನಿಲ್ಲುತ್ತಾಳೆ. ವಾಚ್‌ಮನ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡ. “ಕಾಯ್ ಕಾಕಾ, ಕುತ್ರ್ಯಾಲಾ ಸಾಂಬಾರ್ ಕಾ?” ಎಂದು ಕೇಳಿದ. ನಾಯಿಗೆ ಸಾಂಬಾರೋ ಎಂದು!

ಪರೀಕ್ಷೆಯಲ್ಲಿ ಏನೂ ದೋಷ ಸಿಗಲಿಲ್ಲ. ಡಾಕ್ಟರಮ್ಮ ಹೇಳಿದ್ದು ಇಷ್ಟು: ಗರ್ಭಕೋಶ ತೆಗೆದ ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ ಹೀಗಾಗುವುದುಂಟು. ಹಿಡಿದುಕೊಳ್ಳುವ ಸ್ನಾಯು ಸಡಿಲವಾಗುತ್ತದೆ. ಅವಳು ಬೇಕೆಂದು ಮಾಡುವುದಲ್ಲ, ಅವಳಿಗೆ ಗೊತ್ತೇ ಆಗುವುದಿಲ್ಲ. ದಿನವೂ ಈ ಔಷಧ ಕೊಡಿ, ಹಿಡಿಯಲು ಕೆಲವು ವಾರ ಬೇಕು. ಹೆಚ್ಚು ಸಲ ಹೊರಗೆ ಕರೆದುಕೊಂಡು ಹೋಗಿ. ಒದ್ದೆಯಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಇಲ್ಲದಿದ್ದರೆ ತೊಡೆಯ ಚರ್ಮ ಕೆಂಪಾಗುತ್ತದೆ. ಬೈಯಬೇಡಿ. ನೀರು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ.

“ಗೊತ್ತೇ ಆಗುವುದಿಲ್ಲ” ಎಂಬ ಮಾತಿಗೆ ನಾನು ಕುರ್ಚಿಯಲ್ಲಿ ಬೆವತೆ. ಸುಮನಾ, “ಏನಾಯ್ತಪ್ಪ, ಫ್ಯಾನ್ ಜೋರು ಮಾಡ್ಲಿಕ್ಕೆ ಹೇಳ್ಲಾ?” ಎಂದಳು. ಬೇಡವೆಂದೆ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಸ್ವಲ್ಪ ಸುತ್ತಿ ಬಂದರೆ ತಪ್ಪು ತಿಳಿಯಬೇಡಿ.

ನನಗೊಬ್ಬಳು ಅಕ್ಕನಿದ್ದಳು. ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ಮದುವೆಯಾದ ಎರಡನೆಯ ವರ್ಷ ಗಂಡನನ್ನು ಕಳೆದುಕೊಂಡು ತೌರಿಗೆ ಬಂದಳು. ಮರುವರ್ಷ ಅಮ್ಮ ತೀರಿಕೊಂಡಳು. ಹಾಗಾಗಿ ನನ್ನ ಪಾಲಿಗೆ ಅಮ್ಮನ ಮುಖವೆಂದರೆ ಅಕ್ಕನ ಮುಖವೇ. ನಾನು ಒಂಬತ್ತು ವರ್ಷದವರೆಗೂ ಚಾಪೆ ಒದ್ದೆ ಮಾಡುತ್ತಿದ್ದೆ. ಇದನ್ನು, ಈಗಿಲ್ಲದ ನನ್ನ ಹೆಂಡತಿಗೂ ಹೇಳಿದವನಲ್ಲ. ಬೆಳಕು ಹರಿಯುವಾಗ ಅಕ್ಕ ನನ್ನ ಕೆಳಗಿಂದ ಚಾಪೆಯನ್ನು ಎಳೆದುಕೊಂಡು ಬಾವಿಕಟ್ಟೆಗೆ ಹೋಗುತ್ತಿದ್ದಳು. ಅಪ್ಪ ಎದ್ದು ಬಂದು, “ಎಂತ ಇದು, ನೆಲ ಎಲ್ಲ ಒದ್ದೆ?” ಎಂದು ಗುಡುಗಿದರೆ, “ನಾನೇ ಅಪ್ಪ, ತಂಬಿಗೆ ಕೈತಪ್ಪಿ ಬಿತ್ತು” ಎನ್ನುತ್ತಿದ್ದಳು. ವಾರಕ್ಕೆ ನಾಲ್ಕು ಸಲ ತಂಬಿಗೆ ಕೈತಪ್ಪುವ ಹೆಂಗಸೆಂದು ಅಪ್ಪ ಅವಳನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ನಾನು ಕಂಬದ ಹಿಂದೆ ನಿಂತು ಕೇಳುತ್ತಿದ್ದೆ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮುಂಬಯಿ ಕಡೆಗೆ ಬಂದೆ. ಮದುವೆಯಾಗಿ ವಿಠ್ಠಲವಾಡಿಯ ಚಾಳಿನಲ್ಲಿ ಒಂದು ಖೋಲಿ, ಒಂದು ಅಡುಗೆಮನೆ ಹಿಡಿದೆ. ಸುಮನಾ ಹುಟ್ಟಿದಾಗ ಅಕ್ಕನನ್ನು ಕರೆಸಿಕೊಂಡೆ, ಅವಳು ಅಲ್ಲೇ ಉಳಿದಳು. ಅಡುಗೆಮನೆಯಲ್ಲಿ ದೇವರ ಹಲಗೆಯ ಕೆಳಗೆ ಅವಳ ಹಾಸಿಗೆ. ನನಗೆ ನಲವತ್ತಾದರೂ ಅವಳು ನನ್ನನ್ನು “ಮಾಣಿ” ಎಂದೇ ಕರೆಯುತ್ತಿದ್ದಳು. ಹುಡುಗ ಎಂದು. ಹೋಟೆಲಿನಲ್ಲಿ ನಾನು ಇನ್ನೊಬ್ಬರನ್ನು ಹಾಗೆ ಕೂಗಿ ಕೂಗಿ, ಮನೆಗೆ ಬಂದು ನಾನೇ ಆಗುತ್ತಿದ್ದೆ.

ದಿನಾ ಬೆಳಿಗ್ಗೆ ಅವಳದ್ದೊಂದು ಪ್ರಶ್ನೆ: “ಮಾಣಿ, ಇವತ್ತು ಯಾವ ತಿಥಿ?” ಅವಳಿಗೆ ಓದು ಬಾರದು. ನಾನು ಮೊಳೆಯಿಂದ ಪಂಚಾಂಗ ಇಳಿಸಿ, ಕನ್ನಡಕ ಸರಿಮಾಡಿಕೊಂಡು, ಭಟ್ಟರ ಧಾಟಿಯಲ್ಲಿ ಓದಿ ಹೇಳುತ್ತಿದ್ದೆ. ಓದಿದವನೆಂಬ ಹೆಮ್ಮೆ ನನಗೆ ಸಿಗುತ್ತಿದ್ದದ್ದು ಅದೊಂದೇ ಜಾಗದಲ್ಲಿ. ಏಕಾದಶಿ ಎಂದರೆ ಅವಳು ಹನಿ ನೀರು ಮುಟ್ಟುತ್ತಿರಲಿಲ್ಲ. ಮರುದಿನ ದ್ವಾದಶಿಯ ಬೆಳಿಗ್ಗೆ ಒಂದು ತಂಬಿಗೆ ನೀರನ್ನು ಕಣ್ಣುಮುಚ್ಚಿ ಎತ್ತಿ ಕುಡಿಯುತ್ತಿದ್ದಳು.

ಅವಳಿಗೆ ಐವತ್ತೈದು ದಾಟಿದ ಮೇಲೆ ಗರ್ಭಕೋಶ ತೆಗೆದರು. ಅದಾದ ಮೇಲೆ ಹಾಸಿಗೆ ಒದ್ದೆಯಾಗತೊಡಗಿತು. ನನ್ನ ಹೆಂಡತಿ ಮಾತಿಲ್ಲದೆ ಒಗೆದು ಹಾಕುತ್ತಿದ್ದಳು. ಚಾಳಿನ ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಒಂದು ಗಳಿಗೆ. ಓಣಿಯ ಹಗ್ಗದ ಮೇಲೆ ದಿನಾ ಅದೇ ಬಟ್ಟೆ ಹರಡಿದರೆ ನೆರೆಯವರಿಗೆ ಗೊತ್ತಾಗದೇ ಇರುತ್ತದೆಯೇ? ನನಗೆ ನಾಚಿಕೆ. ದೇವರ ಹಲಗೆಯ ಕೆಳಗೇ ಮೈಲಿಗೆಯೆಂಬ ಸಿಟ್ಟು ಬೇರೆ.

“ಗೊತ್ತೇ ಆಗುದಿಲ್ಲ ಮಾಣಿ,” ಎಂದಳು ಅಕ್ಕ. “ಎದ್ದು ನೋಡಿದ್ರೆ ಹೀಗೆ.”

“ಗೊತ್ತಾಗುದಿಲ್ಲ ಅಂದ್ರೆ ಎಂತ? ಸಣ್ಣ ಮಗುವಾ ನೀನು?”

ಒಂಬತ್ತು ವರ್ಷದವರೆಗೆ ಚಾಪೆ ಒದ್ದೆ ಮಾಡಿದವನ ಬಾಯಲ್ಲಿ ಬಂದ ಮಾತು ಇದು. ಅವಳು ಗೋಡೆಯ ಕಡೆಗೆ ತಿರುಗಿ ನಿಂತಳು.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಏಕಾದಶಿಯ ದಿನ ಅವಳ ಹಾಸಿಗೆ ಒಣಗಿರುತ್ತಿತ್ತು. ಒಂದು ಭಾನುವಾರ ಹೆಂಡತಿಯ ಕಡೆಯವರು ಠಾಣೆಯಿಂದ ಊಟಕ್ಕೆ ಬರುವವರಿದ್ದರು. ಬೆಳಿಗ್ಗೆ ಅಕ್ಕ ತಂಬಿಗೆ ಎತ್ತಿಕೊಂಡು, “ಇವತ್ತು ಯಾವ ತಿಥಿ ಮಾಣಿ?” ಎಂದು ಕೇಳಿದಳು. ಪಂಚಾಂಗದಲ್ಲಿ ನವಮಿ ಎಂದಿತ್ತು. ನಾನು, “ಏಕಾದಶಿ” ಎಂದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಅವಳ ಹೆಬ್ಬೆರಳು ನಡುಬೆರಳಿನ ಮೇಲಿನ ಗೆರೆಯ ಮೇಲೆ ನಿಂತಿತ್ತು, ಜಪ ಎಣಿಸುತ್ತಿದ್ದಾಳೆಂದುಕೊಂಡೆ. “ಹೌದಾ?” ಎಂದಳು. ತಂಬಿಗೆಯನ್ನು ಕಲ್ಲಿನ ಮೇಲೆ ಇಟ್ಟಳು. ನೀರು ತುಂಬಿದ ತಂಬಿಗೆ ಕಲ್ಲಿಗೆ ತಾಗಿದ ಆ ಮೆತ್ತನೆಯ ಶಬ್ದ ನನಗೆ ಇನ್ನೂ ಕೇಳಿಸುತ್ತದೆ.

ಒಮ್ಮೆ ನಡೆದದ್ದು ಮತ್ತೆ ನಡೆಯಿತು. ನಿನ್ನೆಯದು ಸ್ಮಾರ್ತರ ಏಕಾದಶಿ, ನಮ್ಮದು ಇವತ್ತು ಎಂದೆ. ಶನಿವಾರ ದೀಪ ಹಚ್ಚಿದ ಮೇಲೆ ನೀರು ಮುಟ್ಟಬಾರದಂತೆ, ಭಟ್ಟರು ಹೇಳಿದರು ಎಂದೆ. ತಿಂಗಳಿಗೆ ಎರಡಿದ್ದ ಏಕಾದಶಿ ಐದಾಯಿತು, ಆರಾಯಿತು. ಅವಳು ಪ್ರತಿ ಸಲವೂ, “ಹೌದಾ? ಆಯ್ತು” ಎನ್ನುತ್ತಿದ್ದಳು. ತುಟಿ ಒಡೆಯಿತು. ಆ ಬೇಸಗೆಯಲ್ಲಿ ಚಳಿಜ್ವರ ಬಂದು, ಕಿಬ್ಬೊಟ್ಟೆ ಹಿಡಿದುಕೊಂಡು ಎರಡಾಗಿ ಮಡಚಿ ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಕೇಳಿದರು, ಇವರು ನೀರು ಕುಡಿಯುವುದೇ ಇಲ್ಲವೇ ಎಂದು. ಅಕ್ಕ ಅಲ್ಲೇ ಮಂಚದ ಮೇಲಿದ್ದಳು, ಎಚ್ಚರವಿತ್ತು. ನಾನು ಹೇಳಿದೆ: “ಬಹಳ ವ್ರತ ಮಾಡ್ತಾಳೆ ಡಾಕ್ಟ್ರೇ. ನಾವು ಹೇಳಿದ್ರೆ ಕೇಳುದಿಲ್ಲ.”

ಡಾಕ್ಟರು ಅವಳ ಕಡೆಗೆ ತಿರುಗಿದರು. ಅವಳು ಹರಕು ಹಿಂದಿಯಲ್ಲಿ, “ಹಾಂ. ಮೇರಾ ಹೀ ಹಟ” ಎಂದಳು. ನನ್ನದೇ ಹಟ. ತಂಬಿಗೆ ಕೈತಪ್ಪಿತು ಎನ್ನುತ್ತಿದ್ದಳಲ್ಲ, ಅದೇ ದನಿ.

ಗುಣವಾದ ಮೇಲೆ ಊರಿಗೆ ಹೋಗುತ್ತೇನೆಂದಳು. ನಾನು ತಡೆಯಲಿಲ್ಲ. “ಅವಳಿಗೂ ಅಲ್ಲಿಯೇ ಒಳ್ಳೇದು” ಎಂದು ಎಲ್ಲರಿಗೂ ಹೇಳಿಕೊಂಡು ಬಸ್ಸು ಹತ್ತಿಸಿದೆ. ಚಿಕ್ಕಪ್ಪನ ಮಗನ ಮನೆಯಲ್ಲಿ ನಾಲ್ಕು ವರ್ಷ ಇದ್ದಳು. ವರ್ಷಕ್ಕೊಮ್ಮೆ ಹೋಗಿ ಎದುರು ಕುಳಿತು ಕಾಫಿ ಕುಡಿದು ಬರುತ್ತಿದ್ದೆ. ಕೊನೆಗೆ ಮೂತ್ರಪಿಂಡ ಕೆಟ್ಟು ತೀರಿಕೊಂಡಳು. ನನ್ನಿಂದಲೇ ಎಂದು ಹೇಳಲಾರೆ. ನನ್ನಿಂದಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಚಿಕ್ಕುವಿನ ವಿಷಯಕ್ಕೆ ವಾಪಸು ಬರುತ್ತೇನೆ. ಔಷಧ ಶುರುವಾಗಿ ಎರಡು ವಾರದಲ್ಲಿ ಹಾಸಿಗೆ ಒಣಗಿರುವ ದಿನಗಳು ಹೆಚ್ಚಾದವು. ಮೇಲೆ ನನ್ನ ಹಳೆಯ ಪಂಚೆ, ಕೆಳಗೆ ರಬ್ಬರ್ ಶೀಟು. ದಿನಕ್ಕೆ ಐದು ಸಲ ಲಿಫ್ಟ್ ಇಳಿದು ಹತ್ತಿದೆವು. ಈಶಾ ಕಾಲೇಜಿನಿಂದ ಫೋನ್ ಮಾಡಿ, “ಅಜ್ಜಾ, ತಿಲಾ ಪಾಣಿ ದಿಲಂ ಕಾ?” ಎನ್ನುವಳು. ಹೌದು, ಅವಳಿಗೆ ನೀರು ಕೊಟ್ಟೆ ಎಂದರೆ ಫೋನ್ ಇಡುವಳು. ಮನೆಯವರ ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ.

ಆಗ ಒಂದು ಮಧ್ಯಾಹ್ನ ನಾನು ಸೋಫಾದ ಮೇಲೆ ಪೇಪರ್ ಓದುತ್ತಾ ನಿದ್ದೆ ಹೋದೆ. ಎಚ್ಚರವಾದಾಗ ಪಂಚೆ ಒದ್ದೆ, ಸೋಫಾ ಒದ್ದೆ. ನನಗೆ ಗೊತ್ತೇ ಆಗಿರಲಿಲ್ಲ. ಪಂಚೆ ಬದಲಾಯಿಸಿ, ಫ್ಯಾನ್ ಜೋರು ಮಾಡಿ, ಟವೆಲ್ಲಿನಿಂದ ಒತ್ತಿ ಒತ್ತಿ ನೋಡಿದೆ. ಆರಲಿಲ್ಲ. ಸಂಜೆ ಸುಮನಾ ಬಂದವಳೇ ಮೂಗು ಅರಳಿಸಿದಳು.

“ಚಿಕ್ಕು ಸೋಫಾ ಹತ್ತಿದ್ಲಾ ಅಪ್ಪ?”

“ಹೌದು,” ಎಂದೆ.

ಚಿಕ್ಕು ನನ್ನ ಕಾಲ ಬಳಿಯೇ ಇದ್ದಳು. ಅವಳ ಮುಖ ನೋಡಲಾಗಲಿಲ್ಲ. ಮುಂದಿನ ವಾರ ಮತ್ತೊಮ್ಮೆ ಹಾಗೇ ಆಯಿತು, ಮತ್ತೊಮ್ಮೆ ಅವಳ ಮೇಲೆಯೇ ಹೇಳಿದೆ. ಸುಮನಾ ಬ್ಯಾಗೂ ಇಳಿಸದೆ ಕುರ್ಚಿಯಲ್ಲಿ ಕುಸಿದಳು.

“ಔಷಧಿ ತಾಗ್ತಾ ಇಲ್ಲ ಅಪ್ಪ. ಲಿಫ್ಟಿನಲ್ಲಿ ಜನ ಮೂಗು ಮುಚ್ತಾರೆ. ಸೆಕ್ರೆಟರಿ ಎರಡು ಸಲ ಹೇಳಿಯಾಯ್ತು. ಕಲ್ಯಾಣದ ಆಚೆ ಒಂದು ಕಡೆ ವಯಸ್ಸಾದ ನಾಯಿಗಳನ್ನ ಇಟ್ಕೊಳ್ತಾರಂತೆ. ಈಶಾನ ಪರೀಕ್ಷೆ ಮುಗೀಲಿ, ಹೇಳುವ. ಚಿಕ್ಕುಗೂ ಅಲ್ಲಿಯೇ ಒಳ್ಳೇದು.”

ನನ್ನ ಮಗಳು ಕೆಟ್ಟವಳಲ್ಲ. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಆದರೆ ಆ ಕೊನೆಯ ಮಾತು ನನ್ನದು. ನನ್ನ ಬಾಯಿಂದ ಹೊರಟು, ಇಷ್ಟು ವರ್ಷ ಎಲ್ಲೋ ಸುತ್ತಾಡಿ, ಮಗಳ ಬಾಯಿಗೆ ಬಂದಿತ್ತು. ಇವತ್ತು ನಾಯಿ. ಸೋಫಾ ಒದ್ದೆ ಮಾಡಿದವನು ಯಾರೆಂದು ತಿಳಿದರೆ?

ಭಯದಲ್ಲಿ ಮನುಷ್ಯ ಹೊಸದೇನನ್ನೂ ಯೋಚಿಸುವುದಿಲ್ಲ, ಹಿಂದೆ ಮಾಡಿದ್ದನ್ನೇ ಮಾಡುತ್ತಾನೆ. ಮರುದಿನ ಎಲ್ಲರೂ ಲೋಕಲ್ಲಿಗೆ ಹೊರಟ ಮೇಲೆ ಬೋಗುಣಿಯನ್ನು ಎತ್ತಿ ಸಿಂಕಿನ ಕೆಳಗೆ ಇಟ್ಟೆ. ಸಂಜೆ ಅವರು ಬರುವ ಮುಂಚೆ ಅರ್ಧ ತುಂಬಿ ವಾಪಸು ಇಡುತ್ತಿದ್ದೆ. ನಾನೂ ನೀರು ಕಡಿಮೆ ಮಾಡಿದೆ. ಅದರಿಂದ ನ್ಯಾಯ ಮಾಡಿದಂತಾಯಿತೆಂದು ಅಂದುಕೊಂಡೆ! ಚಿಕ್ಕು ಬೋಗುಣಿ ಇದ್ದ ಜಾಗಕ್ಕೆ ಹೋಗಿ ನೆಲವನ್ನು ಮೂಸುವಳು, ಬಂದು ನನ್ನ ಮುಖ ನೋಡುವಳು. ಬೊಗಳಲಿಲ್ಲ. ಬೊಗಳಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ತಲೆಯೆತ್ತಿದರೆ ಗೋಡೆಯ ಮೇಲೆ ಪಂಚಾಂಗ.

ಐದನೆಯ ದಿನ ಕಾಂಪೌಂಡಿನಲ್ಲಿ ಅವಳು ಕೂತಳು, ಎದ್ದಳು, ಎರಡು ಹೆಜ್ಜೆ ಹೋಗಿ ಮತ್ತೆ ಕೂತಳು. ಸಿಮೆಂಟಿನ ಮೇಲೆ ಬಿದ್ದದ್ದು ನಾಲ್ಕೇ ಹನಿ, ಅದರಲ್ಲಿ ಕೆಂಪಿತ್ತು. ಮೇಲೆ ಬಂದವಳು ಅನ್ನ ಮೂಸಲಿಲ್ಲ. ಸುಮನಾಳಿಗೆ ಫೋನ್ ಮಾಡಿ ಕರೆಸಿದೆ.

ಡಾಕ್ಟರಮ್ಮ ಅವಳ ಒಸಡು ಒತ್ತಿ ನೋಡಿದರು, ಕುತ್ತಿಗೆಯ ಚರ್ಮ ಎಳೆದು ಬಿಟ್ಟರು. ಅದು ಎಳೆದ ಹಾಗೆಯೇ ನಿಂತಿತು. ಸಲೈನ್ ಹಚ್ಚಿಸಿ ನಮ್ಮ ಕಡೆಗೆ ತಿರುಗಿದರು.

“ಪಾನಿ ಬರಾಬರ್ ಪೀತೀ ಹೈ ನಾ, ಆಜೋಬಾ?” ಅಜ್ಜ, ನೀರು ಸರಿಯಾಗಿ ಕುಡಿಯುತ್ತಾಳಲ್ಲ?

ಸುಮನಾ ಬಾಯಿ ತೆರೆದಳು. “ಬೋಗುಣಿಯಲ್ಲಿ ಯಾವಾಗಲೂ ನೀರು ಇರುತ್ತದೆ ಡಾಕ್ಟರ್, ಇವಳೇ ಇತ್ತೀಚೆಗೆ…”

ಚಿಕ್ಕು ಮೇಜಿನ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ “ನನ್ನದೇ ಹಟ” ಎನ್ನಲು ಮಾತು ಬರುವುದಿಲ್ಲ. ಬಂದಿದ್ದರೆ ಖಂಡಿತ ಹೇಳುತ್ತಿದ್ದಳು, ಅಂಥ ಜಾತಿ ಅದು.

“ನಾನೇ,” ಎಂದೆ. “ನಾನೇ ನೀರು ತೆಗೆದಿಟ್ಟೆ. ಐದು ದಿನ.”

ಡಾಕ್ಟರಮ್ಮ ಬೈದರು. ಎಷ್ಟು ಬೈದರೆಂದರೆ ಹೊರಗೆ ಬೆಕ್ಕು ಹಿಡಿದು ಕುಳಿತ ಹೆಂಗಸು ಬಗ್ಗಿ ನೋಡಿದಳು. ಸೋಂಕಾಗಿದೆ, ಇನ್ನೆರಡು ದಿನ ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದರು. ವಾಪಸು ಬರುವಾಗ ರಿಕ್ಷಾದಲ್ಲಿ, ಚಿಕ್ಕುವಿನ ತಲೆ ನನ್ನ ತೊಡೆಯ ಮೇಲಿರುವಾಗ, ರಸ್ತೆ ನೋಡುತ್ತಾ ಹೇಳಿದೆ: “ಸೋಫಾ ಒದ್ದೆ ಮಾಡಿದ್ದು ಅವಳಲ್ಲ ಮಗಾ.”

ಸುಮನಾ ನನ್ನ ಕೈ ಹಿಡಿದು, “ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?” ಎಂದಳು. ಸಿಟ್ಟಿತ್ತು. ಕೈ ಮಾತ್ರ ಬಿಡಲಿಲ್ಲ.

ಚಿಕ್ಕು ಉಳಿದಳು. ಕಲ್ಯಾಣದ ಆಚೆಯ ಮಾತು ಮತ್ತೆ ಬರಲಿಲ್ಲ. ಅವಳಿಗೆ ಬೆಳಿಗ್ಗೆ ಒಂದು ಔಷಧ, ನನಗೆ ಊಟದ ಮೇಲೆ ಒಂದು ಮಾತ್ರೆ. ಅವಳಿಗೊಂದು ರಬ್ಬರ್ ಶೀಟು, ನನಗೊಂದು. ಎರಡೂ ಒಂದೇ ಅಂಗಡಿಯವು, ಬಣ್ಣ ಮಾತ್ರ ಬೇರೆ. ಈಶಾ ಹಾಗೆ ಆರಿಸಿದಳು, ಅದಲುಬದಲು ಆಗಬಾರದೆಂದು.

ಇಷ್ಟಾದರೂ ಅಕ್ಕನ ವಿಷಯ ಮಗಳಿಗೆ ಹೇಳಿರಲಿಲ್ಲ. ಹೋದ ವಾರ ಬೆಳಿಗ್ಗೆ ಪಂಚಾಂಗ ಇಳಿಸಿ, ಸಾಲು ತಪ್ಪಿ ಓದಿ, “ಇವತ್ತು ಏಕಾದಶಿ” ಎಂದು ನನ್ನಷ್ಟಕ್ಕೇ ಹೇಳಿಕೊಂಡೆ. ಡಬ್ಬಿಗೆ ಚಪಾತಿ ಹಾಕುತ್ತಿದ್ದ ಸುಮನಾ ಅಲ್ಲಿಂದಲೇ ಬೆರಳು ಮುಟ್ಟಿ ನೋಡಿಕೊಂಡು ನಕ್ಕಳು.

“ಅಲ್ಲಪ್ಪ, ಇವತ್ತು ದಶಮಿ.”

“ನಿನಗೆ ಹೇಗೆ ಗೊತ್ತು?”

“ಅತ್ತೆ ಕಲಿಸಿದ್ದು, ನಿಮ್ಮ ಅಕ್ಕ, ವಿಠ್ಠಲವಾಡಿಯಲ್ಲಿ. ಐದು ಬೆರಳಿಗೆ ಮೂರು ಮೂರು ಗೆರೆ, ಹದಿನೈದು ತಿಥಿ. ಕಿರುಬೆರಳಿನ ಬುಡದಿಂದ ಪಾಡ್ಯ. ಏಕಾದಶಿ ಅಂದ್ರೆ ತೋರುಬೆರಳಿನ ನಡುಗೆರೆ. ಅತ್ತೆಗೆ ನಿಮ್ಮ ಪಂಚಾಂಗ ಎಂತಕ್ಕೆ? ಮೊದಲೇ ಗೊತ್ತಿರ್ತಿತ್ತು. ‘ನಿನ್ನ ಅಪ್ಪನಿಗೆ ಓದಿ ಹೇಳುದಂದ್ರೆ ಖುಷಿ, ಅದಕ್ಕೆ ಕೇಳುದು’ ಅಂತಿದ್ರು.”

ಅವಳು ಡಬ್ಬಿ ಮುಚ್ಚಿ ಲೋಕಲ್ಲಿಗೆ ಓಡಿದಳು. ನಾನು ನನ್ನ ಕೈಯನ್ನು ಮುಂದೆ ಹಿಡಿದು ಎಣಿಸಿದೆ. ಕಿರುಬೆರಳು ಮೂರು, ಉಂಗುರಬೆರಳು ಮೂರು, ನಡುಬೆರಳು ಮೂರು. ನಡುಬೆರಳಿನ ಮೇಲಿನ ಗೆರೆ, ನವಮಿ.

ಆ ಭಾನುವಾರ ಅವಳ ಹೆಬ್ಬೆರಳು ನಿಂತಿದ್ದದ್ದು ಅಲ್ಲೇ.

ಅವಳಿಗೆ ಗೊತ್ತಿತ್ತು. ಮೊದಲ ದಿನದಿಂದ, ಪ್ರತಿ ದಿನ. ಗೊತ್ತಿದ್ದೇ ತಂಬಿಗೆ ಕೆಳಗಿಟ್ಟಳು.

ಭಯ ಹೋಯಿತೆಂದು ತಿಳಿಯಬೇಡಿ. ಈ ಮನೆಯಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಭಯವಿರುವುದೂ ಅದರಿಂದಲೇ. ಯಾವುದೋ ಒಂದು ಬೆಳಿಗ್ಗೆ, ಮನೆಗೆ ಯಾರೋ ಬರುವ ದಿನ, ನಾನು ನೀರಿನ ಲೋಟ ಎತ್ತಿದಾಗ, ಯಾರೋ ಮೆಲ್ಲಗೆ, ಪ್ರೀತಿಯಿಂದಲೇ, “ಇವತ್ತು ಏಕಾದಶಿ ಅಪ್ಪ” ಎಂದರೆ? ನಾನು ಬೆರಳು ಎಣಿಸಿ ನೋಡುತ್ತೇನೆ. ನೋಡಿಯೂ “ಹೌದಾ? ಆಯ್ತು” ಎನ್ನಲು ನನ್ನಿಂದಾಗದು. ಅಷ್ಟು ದೊಡ್ಡ ಮನಸ್ಸು ನಮ್ಮ ಮನೆಯಲ್ಲಿ ಒಬ್ಬಳಿಗೇ ಇದ್ದದ್ದು.

ಹಿರಿಯರ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಆ ನೆವದಲ್ಲೇ ಇಲ್ಲಿಯವರೆಗೂ ತಪ್ಪಿಸಿಕೊಂಡು ಬಂದೆ. ಅವಳು ಇದ್ದಾಗ ನಾಲ್ಕು ವರ್ಷ ಎದುರು ಕುಳಿತು ಕಾಫಿ ಕುಡಿದು ಎದ್ದು ಬಂದೆನೇ ಹೊರತು, ತಪ್ಪಾಯಿತೆಂದು ಒಂದು ಸಲವೂ ಹೇಳಲಿಲ್ಲ. ಚಿಕ್ಕು ನೀರು ಕುಡಿಯುತ್ತಿದ್ದಾಳೆ, ಲೊಟಲೊಟ ಎಂದು, ನೆಲಕ್ಕೆಲ್ಲ ಚೆಲ್ಲಿಕೊಂಡು. ಅದು ನಿಲ್ಲುವುದರೊಳಗೆ ಬರೆದುಬಿಡುತ್ತೇನೆ. ನನ್ನ ಅಕ್ಕನ ಹೆಸರು ವಾರಿಜ.